ಹಾಡು ಕೇಳಿದರೆ ಅಳು ಬರುತ್ತದೆ, ತಪ್ಪಾ?

ನಿಮ್ಮ ಮನಸ್ಸಿಗೆ ಹತ್ತಿರದ ಹಾಡು ಯಾವುದು, ಅದನ್ನು ಕೇಳಿದಾಗ ಒಳಗೆ ಏನಾಗುತ್ತದೆ ಅಂತ ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಖುಷಿ ಕೊಡುವ ಹಾಡಿಗಿಂತ ಅಳಿಸುವ ಹಾಡಿನ ಬಗ್ಗೆ ಬರೆದವರೇ ಜಾಸ್ತಿ. ಹೆಚ್ಚಿನ ಪತ್ರಗಳು ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವು. ಎಲ್ಲಕ್ಕೂ ಇಲ್ಲಿ ಜಾಗ ಸಾಲದು, ಐದನ್ನು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾರೆ, ನಾನು ಅಮರಗೋಳ ಮಾರ್ಕೆಟ್‌ನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ತಂಗಿ ತೀರಿಕೊಂಡ ರಾತ್ರಿ ಊರಿನ ಭಜನಿ ಮಂದಿ 'ಅಳಬೇಡ ತಂಗಿ ಅಳಬೇಡ' ಹಾಡಿದ್ದರು. ಈಗ ಎಲ್ಲಿ ಆ ಹಾಡು ಕಿವಿಗೆ ಬಿದ್ದರೂ ಕಣ್ಣಲ್ಲಿ ನೀರು ಬರುತ್ತದೆ. ಮನೆಯಾಕೆ ಅದನ್ನು ಹಚ್ಚಲೇಬೇಡಿ ಅನ್ನುತ್ತಾಳೆ. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೇ ಮೊಬೈಲ್‌ನಲ್ಲಿ ಹಚ್ಚಿಕೊಂಡು ಕೇಳುತ್ತೇನೆ. ಐವತ್ತು ದಾಟಿದ ಗಂಡಸು ಹೀಗೆ ಅಳೋದು ಸರಿನಾ? (ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ಸರಿ ಅಣ್ಣಾರೆ, ಪೂರ್ತಿ ಸರಿ. ಆ ಹಾಡು ಇರೋದೇ ಅದಕ್ಕೆ.

ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದ ಷರೀಫಜ್ಜ (1819–1889) ಅದನ್ನು ಮೇಲುನೋಟಕ್ಕೆ ಗಂಡನ ಮನೆಗೆ ಹೊರಟ ಹುಡುಗಿಗೆ ಸಮಾಧಾನ ಹೇಳುವ ಹಾಗೆ ಕಟ್ಟಿದ್ದಾರೆ. ನಿನ್ನ ಕಳುಹಬಂದವರಿಲ್ಲಿ ಉಳುಹಿಕೊಂಬುವರಿಲ್ಲ ಅನ್ನೋ ಸಾಲು ಬಂದಾಗ ಗೊತ್ತಾಗುತ್ತದೆ, ಈ ಹುಡುಗಿ ಹೊರಟಿರೋದು ತಿರುಗಿ ಬಾರದ ಊರಿಗೆ. ಬಾಗಿಲಲ್ಲಿ ನಿಂತವರೆಲ್ಲ ಕಳಿಸಲು ಬಂದವರೇ, ಹಿಡಿದು ನಿಲ್ಲಿಸಬಲ್ಲವರು ಒಬ್ಬರೂ ಇಲ್ಲ. ಬೇರೆ ಯಾರಿಗೋ ಇದು ತತ್ವಪದ. ನಿಮಗೆ ಮಾತ್ರ ಅದರಲ್ಲಿರೋ 'ತಂಗಿ' ನಿಮ್ಮ ತಂಗಿಯೇ. ಅಳು ಬರದೇ ಇರೋದು ಹೇಗೆ?

ಇನ್ನೊಂದು ಮಾತು. ಸಾವಿನ ಮನೆಯಲ್ಲಿ ಭಜನಿ ಹೇಗೆ ನಡೆಯುತ್ತದೆ ಅಂತ ನೆನಪು ಮಾಡಿಕೊಳ್ಳಿ. ಹಾರ್ಮೋನಿಯಂ ಹಿಡಿದವರು ಒಂದು ಸಾಲು ಹೇಳುತ್ತಾರೆ, ತಾಳ ಹಿಡಿದವರು ಅದನ್ನೇ ಎತ್ತಿಕೊಂಡು ಎರಡೆರಡು ಸಲ ತಿರುಗಿಸುತ್ತಾರೆ, ಅಷ್ಟರಲ್ಲಿ ಮೊದಲು ಹೇಳಿದವರು ಟವೆಲ್‌ನಿಂದ ಮುಖ ಒರೆಸಿಕೊಂಡು ಮುಂದಿನ ಸಾಲಿಗೆ ಉಸಿರು ತೆಗೆದುಕೊಳ್ಳುತ್ತಾರೆ. ಹಾಡುವವರಿಗೂ ಅಳಲು ಅಷ್ಟು ಜಾಗ ಇರುತ್ತದೆ. ಹೆಂಗಸರು ಒಳಗೆ ದನಿ ತೆಗೆದು ಅಳುತ್ತಾರೆ. ಅಣ್ಣನಾದವನಿಗೆ ಆ ರಾತ್ರಿ ಪುರುಸೊತ್ತೇ ಇರುವುದಿಲ್ಲ. ಬೀಗರಿಗೆ ಫೋನ್ ಮಾಡಬೇಕು, ಬಂದವರಿಗೆ ಚಹಾ ಕೊಡಿಸಬೇಕು, ಬೆಳಗಿನ ವ್ಯವಸ್ಥೆ ನೋಡಬೇಕು. ಆವತ್ತು ಅಳಲಿಕ್ಕೆ ಆಗದೇ ಉಳಿದದ್ದು ಈಗ ಬರುತ್ತಿದೆ, ಬರಲಿ ಬಿಡಿ.

ಒಂದೇ ಒಂದು ಬದಲಾವಣೆ ಮಾಡಿ. ಎಲ್ಲರೂ ಮಲಗಿದ ಮೇಲೆ ಒಬ್ಬರೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಬೇಡಿ. ಮನೆಯವರನ್ನು ಪಕ್ಕಕ್ಕೆ ಕೂರಿಸಿಕೊಂಡು, ಹಾಡು ಮುಗಿದ ಮೇಲೆ ತಂಗಿಯ ಬಗ್ಗೆ ಎರಡು ಮಾತು ಹೇಳಿ. ಆಕೆ ಹಾಡಿಗೆ ಹೆದರಿಲ್ಲ, ನಿಮ್ಮ ಒಂಟಿತನಕ್ಕೆ ಹೆದರಿದ್ದಾಳೆ. ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ ಅಂತಿದ್ದರೆ ಮಾತ್ರ ಅದು ಹಾಡಿನ ವಿಷಯ ಅಲ್ಲ, ತಡ ಮಾಡದೆ ಡಾಕ್ಟರರನ್ನು ಕಾಣಿ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಮದುವೆ. ಮದುವೆ ಮುಂಚಿನ ವಿಡಿಯೋಗೆ ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಹಾಕಿಸಬೇಕು ಅಂತ ನಮ್ಮಿಬ್ಬರಿಗೂ ಆಸೆ. ಅವ್ವ ಕೇಳಿದ ಕೂಡಲೇ ಸಿಟ್ಟಾದಳು, ಅಪಶಕುನ ಅಂದಳು. ಅಷ್ಟು ಚೆಂದದ ಪ್ರೀತಿಯ ಹಾಡು, ಅದರಲ್ಲಿ ಏನು ಅಪಶಕುನ? (ಓದುಗಳು, ಧಾರವಾಡ)

ಉತ್ತರ: ತಂಗಿ, ಶಕುನದ ಮಾತು ಬಿಡು. ಆದರೆ ನಿನ್ನ ಅವ್ವ ಆ ಹಾಡನ್ನು ಕೊನೆವರೆಗೂ ಕೇಳಿದವಳು ಅನ್ನಿಸುತ್ತದೆ.

ಮೊದಲ ಎರಡು ಸಾಲು ಮಾತ್ರ ಕೇಳಿದರೆ ಯಾರಿಗಾದರೂ ಅದು ನಲ್ಲ-ನಲ್ಲೆಯ ಹಾಡು ಅಂತಲೇ ಅನ್ನಿಸುತ್ತದೆ. ಮುಂದೆ ಕೇಳು, ಮಲಗಿರುವ ಕೂಸು ಬರುತ್ತದೆ. ಆ ಕೂಸು ನಿದ್ದೆ ಮಾಡುತ್ತಿಲ್ಲ, ತೀರಿಕೊಂಡಿದೆ. ಅದರ ಪಕ್ಕದಲ್ಲಿ ಕೂತ ತಾಯಿ ಮಾತಾಡದೆ ಗಂಡನ ಮುಖ ನೋಡುತ್ತಿದ್ದಾಳೆ, ಆ ನೋಟ ತಡೆಯಲಾಗದೆ ಅವನು ಹೀಗೆ ನೋಡಬೇಡ ಅನ್ನುತ್ತಿದ್ದಾನೆ. ಬೇಂದ್ರೆ ಅಜ್ಜ (1896–1981) ತಾವೇ ಮಕ್ಕಳನ್ನು ಕಳೆದುಕೊಂಡವರು. ಕೊನೆಗೆ ಅವನು ಹೆಂಡತಿಗೆ ಹೇಳೋದು ಇಷ್ಟೇ: 'ಅತ್ತಾರೆ ಅತ್ತುಬಿಡು, ಹೊನಲು ಬರಲಿ.' ನಕ್ಕು ದುಃಖ ಯಾಕೆ ಮರೆಸುತ್ತೀ, ತುಟಿ ಕಚ್ಚಿ ಬಿಕ್ಕು ಹಿಡಿಯಬೇಡ ಅನ್ನುತ್ತಾನೆ. (ಮೇಲಿನ ಪತ್ರದ ಅಣ್ಣಾರು ಇದನ್ನೂ ಓದಿಕೊಳ್ಳಲಿ.) ಗಂಡ-ಹೆಂಡತಿ ನಡುವೆ ಇದಕ್ಕಿಂತ ದೊಡ್ಡ ಪ್ರೀತಿಯ ಮಾತು ನನಗೆ ಗೊತ್ತಿಲ್ಲ. ಅದಕ್ಕೇ ಅದನ್ನು ಹೂವಿನ ಹಾರ, ಡ್ರೋನ್ ಶಾಟ್ ಜೊತೆ ಓಡಿಸೋಕೆ ನನಗೂ ಮನಸ್ಸು ಒಪ್ಪುವುದಿಲ್ಲ.

ಹುಡುಗ ಹುಬ್ಬಳ್ಳಿಯವನಾದರೆ ಯಾರೋ ಒಬ್ಬರು 'ಇನ್ನೂ ಯಾಕ ಬರಲಿಲ್ಲಾವ ಹುಬ್ಬಳ್ಳಿಯಾಂವ' ಹಾಕಿ ಅಂತಲೂ ಹೇಳುತ್ತಾರೆ. ಅದೂ ಬೇಂದ್ರೆಯವರದೇ. ವಾರಕ್ಕೆ ಮೂರು ಸಲ ಬರುತ್ತಿದ್ದವನು ಬರೋದೇ ನಿಲ್ಲಿಸಿದ ಮೇಲೆ ಕಾಯುವವಳ ಹಾಡು ಅದು, ಮದುವೆಗೆ ಬೇಡ. 'ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ' ತೆಗೆದುಕೊಳ್ಳಿ. 1971ರ ಶರಪಂಜರ ಸಿನಿಮಾದಲ್ಲಿ ಪಿ.ಬಿ. ಶ್ರೀನಿವಾಸ್, ಪಿ. ಸುಶೀಲಾ ಹಾಡಿದ್ದಾರೆ. ಪದ ಬೇಂದ್ರೆಯವರದು, ನಿಮ್ಮ ಆಸೆಯೂ ಉಳಿಯುತ್ತದೆ.

ಪ್ರಶ್ನೆ: ನಮ್ಮಪ್ಪ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಹಾಡು ಹಚ್ಚಿಕೊಂಡು ಕೂತರೆ ಲೋಕದ ಪರಿವೆಯೇ ಇರಲ್ಲ. ನನಗೆ ಬರೀ ಆ... ಆ... ಅಂತ ಕೇಳಿಸುತ್ತದೆ. ಅಪ್ಪನಿಗೆ ಸಿಗೋದು ನನಗೆ ಯಾಕೆ ಸಿಗಲ್ಲ? (ಕಾಲೇಜು ವಿದ್ಯಾರ್ಥಿ, ಹಾವೇರಿ)

ಉತ್ತರ: ತಮ್ಮಾ, ರಾಗದಿಂದ ಶುರು ಮಾಡಬೇಡ, ಪದದಿಂದ ಶುರು ಮಾಡು. ಮನ್ಸೂರರು ಹಾಡಿದ ಅಕ್ಕಮಹಾದೇವಿಯ 'ಅಕ್ಕ ಕೇಳವ್ವಾ ನಾನೊಂದು ಕನಸ ಕಂಡೆ' ಕೇಳು. ಅಕ್ಕಿ, ಅಡಿಕೆ, ಓಲೆ, ತೆಂಗಿನಕಾಯಿ, ಆಮೇಲೆ ಭಿಕ್ಷೆಗೆ ಬಂದ ಚಿಕ್ಕ ಜಡೆಗಳ ಗೊರವ, ಅಂದರೆ ಶಿವನ ಜೋಗಿ. ಕನಸು ಕಂಡವಳು ಗೆಳತಿಯ ಕಿವಿಯಲ್ಲಿ ಹೇಳಿದ ಹಾಗೆ ಇದೆ. ಅದು ಒಳಗೆ ಇಳಿದ ಮೇಲೆ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ದಾಸರ ಪದಗಳಿಗೆ ಹೋಗು. ಆಮೇಲೆ ಗಂಗೂಬಾಯಿ ಹಾನಗಲ್ (1913–2009). ನನ್ನ ಜೀವಕ್ಕೆ ಹತ್ತಿರದ ದನಿ ಅವರದು. ಗಂಟಲಿನ ಆಪರೇಷನ್ ಆದ ಮೇಲೆ ದನಿ ಗಂಡಸರ ಹಾಗೆ ದಪ್ಪ ಆಯಿತು, ಅವರು ಹಾಡು ಬಿಡಲಿಲ್ಲ, ಆ ದನಿಯಲ್ಲೇ ದೇಶ ಗೆದ್ದರು. ಮನಸ್ಸು ಕುಗ್ಗಿದ ದಿನ ಅವರು ಷಡ್ಜಕ್ಕೆ (ಸ ಸ್ವರಕ್ಕೆ) ಬಂದು ನಿಲ್ಲೋದನ್ನು ಕೇಳಿದರೆ ನನಗೆ ಬೆನ್ನು ನೆಟ್ಟಗಾಗುತ್ತದೆ.

ಅಪ್ಪನ ಹತ್ತಿರ ಇದು ಯಾವ ರಾಗ ಅಂತ ಕೇಳಬೇಡ. ಮೊದಲ ಸಲ ಯಾರ ಜೊತೆ ಕೂತು ಕೇಳಿದ್ದು ಅಂತ ಕೇಳು.

ಪ್ರಶ್ನೆ: ಅತ್ತೆಯವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದಿವೆ. ಮಾತು ಹೋಗಿದೆ. ನೀರು ಬೇಕು ಅನ್ನಲೂ ಬರಲ್ಲ. ಆದರೆ ಸಂಜೆ ನಾನು ದೀಪ ಹಚ್ಚಿ 'ತಲ್ಲಣಿಸದಿರು ಕಂಡ್ಯ' ಹೇಳುವಾಗ ಅವರು ಪದ ಸಮೇತ ಜೊತೆಗೆ ಹೇಳುತ್ತಾರೆ! ಹಾಗಾದರೆ ಮಾತಾಡೋಕೂ ಬರಬೇಕಲ್ಲ, ಹಟ ಮಾಡುತ್ತಿದ್ದಾರೆ ಅಂತ ಮನೆಯಲ್ಲಿ ಕೆಲವರು ಅನ್ನುತ್ತಾರೆ. (ಗೃಹಿಣಿ, ಗದಗ)

ಉತ್ತರ: ಹಟ ಅಲ್ಲ ತಾಯಿ, ದಯವಿಟ್ಟು ಆ ಮಾತನ್ನು ಮನೆಯಲ್ಲಿ ಇವತ್ತೇ ನಿಲ್ಲಿಸಿ. ಅವರಿಗೆ ಎಲ್ಲ ಕೇಳಿಸುತ್ತದೆ.

ಹೆಚ್ಚಿನವರಲ್ಲಿ ಮಾತು ಕಟ್ಟುವ ಕೆಲಸ ಮಿದುಳಿನ ಎಡಭಾಗದ್ದು. ಅಲ್ಲಿ ರಕ್ತ ಕಟ್ಟಿದರೆ ಬಲಮೈ ಬೀಳುತ್ತದೆ, ಮಾತೂ ಹೋಗುತ್ತದೆ. ಹಾಡಿಗೆ ಬಲಭಾಗವೂ ಕೈ ಕೊಡುತ್ತದೆ. ಅದರಲ್ಲೂ ಚಿಕ್ಕಂದಿನಿಂದ ಬಾಯಿಪಾಠ ಆದ ಹಾಡು ತಾಳ ಹಿಡಿದುಕೊಂಡು ತಾನೇ ಹೊರಗೆ ಬರುತ್ತದೆ. 'ನೀರು' ಅನ್ನೋ ಒಂದು ಪದವನ್ನು ಹುಡುಕಿ ತೆಗೆಯೋದು ಬೇರೆಯೇ ಕೆಲಸ. ಲಕ್ವಾ ಆದವರಿಗೆ ರಾಗದ ಮೂಲಕ ಮಾತು ಕಲಿಸುವ ಪದ್ಧತಿಯೇ ಇದೆ. ವಾಕ್ ಚಿಕಿತ್ಸಕರನ್ನು ಬೇಗ ಕಾಣಿ, ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ವಿಚಾರಿಸಿ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥದ್ದಕ್ಕೇ ಇದೆ.

ಮನೆಯಲ್ಲಿ ನೀವು ಈಗ ಮಾಡುತ್ತಿರೋದನ್ನೇ ಮಾಡಿ. ಎದುರಿಗೆ ಕೂತು, ಅವರ ಎಡಗೈ ಹಿಡಿದು ನಿಧಾನಕ್ಕೆ ತಾಳ ತಟ್ಟುತ್ತಾ ಹಾಡಿ. ಒಂದು ಸಾಲಿನ ಕೊನೆಯ ಪದ ನೀವು ಬಿಟ್ಟುಬಿಡಿ, ಅವರು ತುಂಬಲಿ. ತುಂಬದಿದ್ದರೆ ಒತ್ತಾಯ ಬೇಡ, ನೀವೇ ಹೇಳಿ ಮುಂದೆ ಹೋಗಿ. 'ನೀರು ಬೇಕು', 'ಚಹಾ ಬೇಕು' ಇವನ್ನೂ ಅದೇ ಧಾಟಿಯಲ್ಲಿ ಎಳೆದು ಹೇಳಿಸಿ ನೋಡಿ. ಬಾಡ-ಕಾಗಿನೆಲೆಯ ಕನಕದಾಸರು ಬೆಟ್ಟದ ತುದಿಯ ಮರಕ್ಕೆ ನೀರೆರೆದವರು ಯಾರು ಅಂತ ಕೇಳಿದ ಹಾಡು ಅದು. ಎಲ್ಲ ಪದ ಹೋದ ಮೇಲೂ ಅವರ ಬಾಯಲ್ಲಿ ಅದೇ ಉಳಿದಿದೆ ಅಂದರೆ, ಬರೆಯುವಾಗ ನನಗೇ ಗಂಟಲು ಕಟ್ಟುತ್ತಿದೆ.

ಪ್ರಶ್ನೆ: ಅಪ್ಪ ಹಾಡಿದ ಒಂದು ಕ್ಯಾಸೆಟ್ ಟ್ರಂಕಿನಲ್ಲಿದೆ. ಅವರು ಹೋದ ಮೇಲೆ ಹಚ್ಚಿಲ್ಲ. ಕೇಳಬೇಕು ಅನ್ನಿಸುತ್ತದೆ, ಹರಿದುಹೋದರೆ ಅಂತ ಭಯ. (ರಾಣೆಬೆನ್ನೂರು)

ಉತ್ತರ: ಮೊದಲು ಬೆಳಕಿಗೆ ಹಿಡಿದು ರೀಲು ನೋಡಿ. ಬಿಳಿ ಬೂಷ್ಟು ಕಂಡರೆ ಹಚ್ಚಲೇಬೇಡಿ, ತಿಳಿದವರ ಕೈಗೆ ಕೊಡಿ. ಇಲ್ಲದಿದ್ದರೆ ಪೆನ್ಸಿಲ್ ತೂರಿಸಿ ಮೆಲ್ಲಗೆ ತಿರುಗಿಸಿ, ಸಲೀಸಾಗಿ ತಿರುಗುತ್ತಾ ನೋಡಿ. ಪ್ಲೇಯರ್‌ನ ಹೆಡ್ ಅನ್ನು ಹತ್ತಿ, ಸ್ಪಿರಿಟ್‌ನಿಂದ ಒರೆಸಿ, ಬೇರೆ ಯಾವುದಾದರೂ ಬೇಡದ ಕ್ಯಾಸೆಟ್ ಹಾಕಿ ಪರೀಕ್ಷೆ ಮಾಡಿ. ಎಲ್ಲ ಸರಿಯಿದ್ದರೆ ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿ, ಮೊದಲ ಸಲ ಓಡಿಸುವಾಗಲೇ ರೆಕಾರ್ಡ್ ಮಾಡಿಕೊಳ್ಳಿ. ಎರಡು ಕಡೆ ಪ್ರತಿ ಇಡಿ, ಒಂದನ್ನು ಅಣ್ಣತಮ್ಮಂದಿರ ಮನೆಗೆ ಕಳಿಸಿ. ಆ ದಿನ ಅವ್ವನನ್ನು ಕರೆದು ಕೂರಿಸಿಕೊಳ್ಳಿ. ನಡುವೆ ಅಪ್ಪ ಕೆಮ್ಮಿದ್ದರೆ, ಯಾರನ್ನೋ ಕರೆದಿದ್ದರೆ, ಅದನ್ನು ಕತ್ತರಿಸಬೇಡಿ.