ಯೋಗಾಪುರದ ದೊಡ್ಡ ಹುಣಸೆ ಮರದ ತೊಗಟೆ ಶುಗರ್‌ಗೆ ಔಷಧವೇ?

ವಿಜಯಪುರದ ಯೋಗಾಪುರದಲ್ಲಿರುವ ಆ ಭಾರಿ ದಪ್ಪ ಮರ ಯಾವುದು, ಅದರ ತೊಗಟೆ ಕಷಾಯ ತಾಯಿಯ ಶುಗರ್‌ಗೆ ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ತೊಗಟೆಗೆ ಕೈ ಹಚ್ಚಬೇಡಿ. ಅದರಿಂದ ಶುಗರ್ ವಾಸಿಯಾಗುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ತಾಯಿಯವರ ಮಾತ್ರೆಯನ್ನಂತೂ ನಿಲ್ಲಿಸಲೇಬೇಡಿ.

ಅದು ದೊಡ್ಡ ಹುಣಸೆ, ಅಂದರೆ ಬಾವೊಬಾಬ್. ಸಾರಿಗೆ ಹಾಕುವ ಹುಣಸೆಯ ಬಳಗ ಅಲ್ಲ, ಬೂರುಗದ ಬಳಗ. ಹುಟ್ಟೂರು ಆಫ್ರಿಕಾ ಕಡೆ. ಅರಬ್ ವ್ಯಾಪಾರಿಗಳು, ಹಬ್ಶಿಗಳು (ಆಫ್ರಿಕಾ ಮೂಲದವರು) ಓಡಾಡಿದ ದಾರಿಯಲ್ಲೇ ಬಂದಿರಬೇಕು ಅಂತಾರೆ ಸಂಶೋಧಕರು. ನನಗೂ ಅದು ಸರಿ ಅನ್ನಿಸುತ್ತೆ. ವಿಜಯಪುರದ ಆದಿಲ್‌ಶಾಹಿ ಸುಲ್ತಾನರ ಆಸ್ಥಾನದಲ್ಲಿ ಇಖ್ಲಾಸ್ ಖಾನ್‌ನಂಥ ಹಬ್ಶಿಗಳು ದೊಡ್ಡ ಅಧಿಕಾರದಲ್ಲಿದ್ದರಲ್ವಾ? ಇಂಥ ಮರಕ್ಕೆ ಎರಡು ಸಾವಿರ ವರ್ಷ ಅಂತ ಯಾರಾದರೂ ಹೇಳಿದರೆ ಸುಮ್ನೆ ನಂಬಬೇಡಿ. ಕಾಂಡ ಎಷ್ಟೋ ಸಲ ಒಳಗೆ ಪೊಳ್ಳು, ಹಲವು ಕಾಂಡ ಕೂಡಿಕೊಂಡಿದ್ದೂ ಉಂಟು. ಸುತ್ತಳತೆ ನೋಡಿ ವಯಸ್ಸು ಹೇಳಕ್ಕಾಗಲ್ಲ.

ಇದರಲ್ಲಿ ನಿಜವಾಗಿ ಉಪಯೋಗಕ್ಕೆ ಬರೋದು ಹಣ್ಣು. ಮೇಲೆ ಮಖಮಲ್ಲಿನಂಥ ನುಣುಪು, ಒಳಗೆ ಮರದಷ್ಟು ಗಟ್ಟಿ ಚಿಪ್ಪು. ಕಲ್ಲಿಗೆ ಕುಟ್ಟಿ ಒಡೆದರೆ ನಾರಿನ ನಡುವೆ ಬೀಜಕ್ಕೆ ಅಂಟಿದ ಬಿಳಿ ತಿರುಳು. ಅದು ಹಣ್ಣಿನೊಳಗೇ ಒಣಗಿರುತ್ತೆ. ಬಾಯಿಗೆ ಹಾಕಿದರೆ ಹುಳಿ ಬಿಟ್ಟು ಕರಗುತ್ತೆ. ವಿಟಮಿನ್ ಸಿ ಕಿತ್ತಳೆಗಿಂತ ಜಾಸ್ತಿ, ನಾರೂ ಬೇಕಾದಷ್ಟು. ಆಫ್ರಿಕಾದಲ್ಲಿ ಜ್ವರ, ಭೇದಿಗೆ ಇದನ್ನೇ ನೀರಲ್ಲಿ ಕದಡಿ ಕುಡಿಸುತ್ತಾರೆ. ಭೇದಿ ಜೋರಾಗಿದ್ದರೆ ಮಾತ್ರ ಓಆರ್‌ಎಸ್ಸೇ ಬೇಕು. 2008ರಲ್ಲಿ ಯುರೋಪಿಯನ್ ಒಕ್ಕೂಟ ಈ ಒಣ ತಿರುಳನ್ನು ಆಹಾರವಾಗಿ ಮಾರಲು ಒಪ್ಪಿಗೆ ಕೊಟ್ಟಿತು. ಆಫ್ರಿಕಾದಲ್ಲಿ ಎಲೆಯನ್ನೂ ಒಣಗಿಸಿ ಪುಡಿ ಮಾಡಿ ಸಾರಿಗೆ ಹಾಕುತ್ತಾರೆ.

ತೊಗಟೆಯನ್ನು ಹಿಂದೆ ಜ್ವರಕ್ಕೆ, ಮಲೇರಿಯಾ ಔಷಧವಾದ ಕ್ವಿನೈನ್ ಬದಲು ಬಳಸಿ ನೋಡಿದ್ದರು, ನೆಲೆ ನಿಲ್ಲಲಿಲ್ಲ. ಆಫ್ರಿಕಾದಲ್ಲಿ ಹಗ್ಗಕ್ಕಾಗಿ ತೊಗಟೆ ಸುಲಿದರೂ ಅದು ಮತ್ತೆ ಬೆಳೆಯುತ್ತೆ ನಿಜ. ಆದರೆ ನಮ್ಮಲ್ಲಿರೋದು ಬೆರಳೆಣಿಕೆಯ ಮರಗಳು. ಬಂದವರೆಲ್ಲ ಒಂದೊಂದು ಚೂರು ಕಿತ್ತರೆ ಅದು ತಡೆದೀತಾ? ನೋಡಿದರೇ ನನಗೆ ಸಂಕಟ ಆಗುತ್ತೆ.

ಹಣ್ಣು ಬಿದ್ದಿದ್ದು ಕಂಡರೆ ಅಲ್ಲಿಯವರನ್ನು ಕೇಳಿ ತಗೊಳ್ಳಿ. ತಾಯಿಯವರಿಗೆ ಕೊಡೋದಾದರೆ ಡಾಕ್ಟರನ್ನು ಕೇಳಿ ಸ್ವಲ್ಪವೇ ಕೊಡಿ, ಪಾನಕಕ್ಕೆ ಬೆಲ್ಲ ಬೇಡ. ಬೀಜ ಎಸೆಯಬೇಡಿ. ಸಿಪ್ಪೆ ಬಹಳ ಗಟ್ಟಿ, ಒಂದು ಬದಿ ಸ್ವಲ್ಪ ಉಜ್ಜಿ, ರಾತ್ರಿಯೆಲ್ಲ ನೀರಲ್ಲಿ ನೆನೆಸಿ ಬಿತ್ತಿ.