ಫಿಸಿಯೋಥೆರಪಿ ಓದಿದವರು ಚಲನೆಯ ವಿಜ್ಞಾನಿಯಾಗಬಹುದೇ? ಆ ವೃತ್ತಿ ಹೇಗಿರುತ್ತದೆ?

ಆಗಬಹುದು. ದೇಹ ಹೇಗೆ ಚಲಿಸುತ್ತದೆ, ಮಿದುಳು ಅದನ್ನು ಹೇಗೆ ನಡೆಸುತ್ತದೆ ಎಂದು ಅಳೆದು ನೋಡುವ ಕೆಲಸವದು. ನಾನೂ ಅದೇ ದಾರಿಯಲ್ಲಿ ಬಂದೆ. ಆದರೆ ನೀವು ಕೇಳಿದಂತೆ ‘ದಿನವಿಡೀ ರೋಗಿಗಳ ಜೊತೆ ಇರಬಹುದೇ’ ಎಂದರೆ, ಇಲ್ಲ. ಜನರ ಜೊತೆ ಕಳೆಯುವುದು ಒಂದು ಗಂಟೆಯಾದರೆ, ಅವರು ಬಿಟ್ಟುಹೋದ ಅಂಕಿಗಳ ಜೊತೆ ಒಂದು ವಾರ.

ಹೊಸದರಲ್ಲಿ ನಾನು ಮಾಡಿದ ಪ್ರಯೋಗ ಹೀಗಿತ್ತು. ರೋಬಾಟ್ ತೋಳಿನ ಹಿಡಿಯನ್ನು ಹಿಡಿದು ಪರದೆಯ ಚುಕ್ಕೆಯತ್ತ ಕೈ ಚಾಚಬೇಕು. ಚಾಚುವಾಗ ರೋಬಾಟ್ ಕೈಯನ್ನು ಪಕ್ಕಕ್ಕೆ ತಳ್ಳುತ್ತದೆ. ವೇಗ ಹೆಚ್ಚಿದಷ್ಟೂ ಜೋರಾಗಿ. ಮೊದಮೊದಲು ಕೈಯ ದಾರಿ ಬಿಲ್ಲಿನಂತೆ ಬಾಗುತ್ತದೆ, ನೂರಾರು ಸಲ ಮಾಡಿದ ಮೇಲೆ ನೆಟ್ಟಗಾಗುತ್ತದೆ. ಆಗ ಹೇಳದೆ ಕೇಳದೆ ತಳ್ಳುವುದನ್ನು ನಿಲ್ಲಿಸಿಬಿಡುತ್ತೇವೆ. ಕೈ ಎದುರು ದಿಕ್ಕಿಗೆ ವಾಲುತ್ತದೆ! ಬಾರದ ತಳ್ಳುವಿಕೆಗೆ ಮಿದುಳು ಮೊದಲೇ ತಡೆಯೊಡ್ಡಿರುತ್ತದೆ. 1994ರಲ್ಲಿ ಶಾದ್‌ಮೆಹರ್ ಮತ್ತು ಮುಸ್ಸಾ-ಇವಾಲ್ಡಿ ಎಂಬ ವಿಜ್ಞಾನಿಗಳು ತೋರಿಸಿದ ಸಂಗತಿಯಿದು. ಓದಿ ತಿಳಿದಿದ್ದರೂ ನನ್ನ ಕೈಯೇ ಹಾಗೆ ವಾಲಿದಾಗ ನಗು ತಡೆಯಲಾಗಲಿಲ್ಲ.

ಮುಂದಿನ ಮೂರು ತಿಂಗಳು ನಗುವಿರಲಿಲ್ಲ. ಒಬ್ಬರ ಮೊಣಕೈಗೆ ಅಂಟಿಸಿದ ಗುರುತು ಕ್ಯಾಮೆರಾಕ್ಕೆ ಕಂಡಿಲ್ಲ, ಇನ್ನೊಬ್ಬರು ಬೆವತು, ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿಯುವ ಎಲೆಕ್ಟ್ರೋಡ್ ಸಡಿಲವಾಗಿದೆ. ಪ್ರೋಗ್ರಾಮಿಂಗ್ ಬಾರದೆ ಎಕ್ಸೆಲ್ ಹಾಳೆಗಳ ಮುಂದೆ ಕಣ್ಣು ಬಿಡುತ್ತಾ ಕುಳಿತಿದ್ದೆ. ನೀವು ಹಾಗಾಗಬೇಡಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಸಂಖ್ಯಾಶಾಸ್ತ್ರ, ಒಂದಿಷ್ಟು ಯಂತ್ರಶಾಸ್ತ್ರ ಈಗಲೇ ಕಲಿಯಿರಿ. ಅಂಗರಚನೆ ನಿಮಗೆ ಗೊತ್ತಿದೆ. ಎಂಜಿನಿಯರುಗಳು ಅದನ್ನು ಕೇಳಿಕೊಂಡು ನಿಮ್ಮ ಮೇಜಿಗೇ ಬರುತ್ತಾರೆ.

ಈ ಕ್ಷೇತ್ರ ನಿಮಗೆ ಹಿಡಿಸುತ್ತದೆಯೇ ಎಂದು ತಿಳಿಯಲು ರಷ್ಯಾದ ಶರೀರಕ್ರಿಯಾ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ಕಂಡದ್ದನ್ನು ಯೋಚಿಸಿ ನೋಡಿ. 1920ರ ದಶಕದಲ್ಲಿ ಮಾಸ್ಕೋದಲ್ಲಿ ಅವರು ನುರಿತ ಕೆಲಸಗಾರರು ಸುತ್ತಿಗೆ ಬೀಸುವುದನ್ನು ಚಿತ್ರೀಕರಿಸಿದರು. ಸುತ್ತಿಗೆಯ ತುದಿ ಹೆಚ್ಚುಕಡಿಮೆ ಒಂದೇ ಹಾದಿಯಲ್ಲಿ ಸಾಗುತ್ತಿತ್ತು. ಭುಜ, ಮೊಣಕೈ, ಮಣಿಕಟ್ಟು ಮಾತ್ರ ಪ್ರತಿಸಲ ಬೇರೆ ಬೇರೆಯಾಗಿ ತಿರುಗುತ್ತಿದ್ದವು. ಒಂದು ಕೀಲು ತಪ್ಪಿದ್ದನ್ನು ಇನ್ನೊಂದು ಸರಿದೂಗಿಸುತ್ತಿತ್ತು. ಇಷ್ಟೊಂದು ದಾರಿಗಳಲ್ಲಿ ಮಿದುಳು ಒಂದನ್ನು ಹೇಗೆ ಆರಿಸುತ್ತದೆ? ನಾವು ಇನ್ನೂ ಇದೇ ಪ್ರಶ್ನೆಗೆ ಜಗಳವಾಡುತ್ತಿದ್ದೇವೆ. ‘ಅದರಿಂದೇನು’ ಎನಿಸಿದರೆ ಚಿಕಿತ್ಸೆಯಲ್ಲೇ ಉಳಿಯಿರಿ, ಅದು ಚಿಕ್ಕ ಕೆಲಸವೇನಲ್ಲ.

ಹುದ್ದೆಗಳ ವಿಷಯ: ಪಿಎಚ್‌ಡಿ, ಆಮೇಲೆ ಒಂದೆರಡು ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ), ಪ್ರಾಧ್ಯಾಪಕರ ಕುರ್ಚಿಗಳು ಕಡಿಮೆ. ನನ್ನ ಜೊತೆಗಿದ್ದವರಲ್ಲಿ ಕೆಲವರು ಕೃತಕ ಕೈಕಾಲು ತಯಾರಿಕೆಗೆ, ಕೆಲವರು ಕ್ರೀಡಾ ತಂಡಗಳಿಗೆ ಹೋದರು.

ಅರ್ಜಿ ಹಾಕುವ ಮೊದಲು ಯಾವುದಾದರೂ ಪ್ರಯೋಗಕ್ಕೆ ಸ್ವಯಂಸೇವಕರಾಗಿ ಕುಳಿತು ಬನ್ನಿ. ಬೆನ್ನು ನೋಯುತ್ತದೆ, ಆಕಳಿಕೆ ಬರುತ್ತದೆ. ಮುಗಿದ ಮೇಲೆ ನಿಮ್ಮ ಕೈ ಬರೆದ ಗೆರೆಗಳನ್ನು ತೋರಿಸಲು ಕೇಳಿ.