ದ್ರಾಕ್ಷಿ ತೋಟದ ಮನೆಗೆ ನಾಯಿಮರಿ

ಚಿಕ್ಕಬಳ್ಳಾಪುರದ ಹತ್ತಿರ ದ್ರಾಕ್ಷಿ ತೋಟದ ಮನೆ, ಎರಡು ತಿಂಗಳ ನಾಯಿಮರಿ ಬರುತ್ತಿದೆ, ಏನೇನು ಎತ್ತಿಡಬೇಕು ಎಂದು ಕೇಳಿದ್ದೀರಿ. ಚಪ್ಪಲಿ ಹೋದರೆ ಹೋಗಲಿ, ಮೊದಲು ದ್ರಾಕ್ಷಿಯನ್ನೇ ಎತ್ತಿಡಿ. ಕ್ರೇಟಿನಿಂದ ಉದುರಿ ಮಂಚದಡಿಗೆ ಉರುಳಿದ ನಾಲ್ಕಾರು ಹಣ್ಣು ಸಾಕು, ಮರಿಯ ಮೂತ್ರಪಿಂಡಕ್ಕೆ ಕುತ್ತು ಬರಬಹುದು. ಒಣದ್ರಾಕ್ಷಿಯಂತೂ ಇನ್ನೂ ಕೆಟ್ಟದ್ದು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಎಂಬ ಹುಳಿಯ ಮೇಲೆಯೇ ಈಗ ತಜ್ಞರ ಅನುಮಾನ. ಹುಣಸೆಯಲ್ಲೂ ಅದೇ ಆಮ್ಲವಿದೆ, ಹಾಗಾಗಿ ಹುಣಸೆಹಣ್ಣಿನ ಮಡಕೆಯೂ ಮೇಲಿರಲಿ. ತಿಂದದ್ದು ಗೊತ್ತಾದರೆ ಲಕ್ಷಣ ಕಾಣಲೆಂದು ಕಾಯಬೇಡಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸವೂ ಬೇಡ, ಅದೇ ಇನ್ನೊಂದು ವಿಷವಾದೀತು. ನೇರ ಪಶು ಆಸ್ಪತ್ರೆಗೆ ಹೊರಡಿ. ತೋಟಕ್ಕೆ ಸಿಂಪಡಿಸುವ ಔಷಧಿ, ಇಲಿ ಪಾಷಾಣ ಬೀಗದೊಳಗಿರಲಿ. ಸಂಪಿನ ಮುಚ್ಚಳ ಹಾಕಿಡಿ. ಪಾರ್ವೊ, ಅಂದರೆ ಮರಿಗಳ ಜೀವ ತೆಗೆಯಬಲ್ಲ ವಾಂತಿಭೇದಿ ರೋಗದ ಲಸಿಕೆಯ ಎಲ್ಲ ಡೋಸ್ ಮುಗಿಯುವವರೆಗೆ ಬೀದಿಗೆ ಬಿಡಬೇಡಿ.